ಸಾಣೆಕಲ್ಲು: ಯಾವುದು ಕೊಳ್ಳಬೇಕು, ಹೇಗೆ ಕಾಪಾಡಿಕೊಳ್ಳಬೇಕು – ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಹಿಂದಿನ ಶೆಡ್ಡಿನಲ್ಲಿ ಮರಗೆಲಸ ಮಾಡುವವನು ನಾನು. ಸ್ಟೂಲು, ಕಪಾಟು, ದೇವರ ಮಂಟಪ, ಹೀಗೆ ಮನೆಗೆ ಬೇಕಾದ್ದೆಲ್ಲ. ನೋಡಲು ಬರುವವರು ಉಳಿ, ಮರ ಹೆರೆಯುವ ಹತ್ತರಿ ಬಗ್ಗೆ ಎರಡು ಮಾತು ಕೇಳಿ, ಆಮೇಲೆ ಬಂದು ನಿಲ್ಲುವುದು ಕಲ್ಲಿನ ಹತ್ತಿರ. ‘ನಮ್ಮ ಮನೇಲೂ ಉಳಿ ಇದೆ, ಆದ್ರೆ ಹರಿತ ನಿಲ್ಲೋದಿಲ್ಲ’ ಅನ್ನುತ್ತಾರೆ. ಅವರಿಗೆ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲ ಬಾರಿಗೆ ಕಲ್ಲು ಕೊಳ್ಳುತ್ತಿದ್ದೇನೆ. ಯಾವುದು ತಗೊಳ್ಳಲಿ?

1000 ನಂಬರಿನ ಒಂದು ನೀರಿನ ಕಲ್ಲು, ಅಂದರೆ ನೀರು ಹಾಕಿ ಮಸೆಯುವ ಕಲ್ಲು, ತಗೊಳ್ಳಿ. ಎಂಟು ಇಂಚು ಉದ್ದ, ಎರಡೂವರೆ ಇಂಚು ಅಗಲ ಇದ್ದರೆ ಹತ್ತರಿಯ ಅಲಗೂ ಆರಾಮಾಗಿ ಕೂರುತ್ತದೆ. ಅಡುಗೆಮನೆ ಚಾಕುವಿನಿಂದ ಹಿಡಿದು ಉಳಿಯವರೆಗೆ ದಿನನಿತ್ಯದ ಕೆಲಸ ಅದರಲ್ಲೇ ಮುಗಿಯುತ್ತದೆ.

ಉಳಿದ ದುಡ್ಡಿನಲ್ಲಿ ಎರಡನೇ ಕಲ್ಲು ಕೊಳ್ಳಬೇಡಿ. ಮೊದಲ ಕಲ್ಲನ್ನು ಸಪಾಟಾಗಿ ಇಟ್ಟುಕೊಳ್ಳಲು ಏನು ಬೇಕೋ ಅದನ್ನು ಕೊಳ್ಳಿ. ದಪ್ಪ ಗಾಜಿನ ತುಂಡು, ಒಂದಷ್ಟು ವಾಟರ್‌ಪ್ರೂಫ್ ಎಮರಿ ಪೇಪರ್ ಸಾಕು. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂತ ಗುಳಿಯ ಪ್ರಶ್ನೆಗೆ ಬಂದಾಗ ಗೊತ್ತಾಗುತ್ತದೆ.

ಕೈ ಕುದುರಿದ ಮೇಲೆ 4000 ಅಥವಾ 6000ದ ನಯ ಕಲ್ಲು ಸೇರಿಸಿಕೊಳ್ಳಿ. ಹಳೆ ಉಳಿಗಳನ್ನು ಸರಿಮಾಡುವ ಆಸೆ ಇದ್ದರೆ 220ರಿಂದ 400ರ ಒಳಗಿನ ಒಂದು ಒರಟು ಕಲ್ಲು ಬೇಕಾಗುತ್ತದೆ. ಒಟ್ಟು ಮೂರು. ಅದಕ್ಕಿಂತ ಜಾಸ್ತಿ ಬೇಕು ಅಂತ ನನಗೆ ಇಷ್ಟು ವರ್ಷದಲ್ಲಿ ಅನಿಸಿಲ್ಲ.

ಕಲ್ಲಿನ ಮೇಲಿನ ನಂಬರಿಗೆ ಏನರ್ಥ? ಎಮರಿ ಪೇಪರಿನ ನಂಬರೂ ಅದೇನಾ?

ನಂಬರ್ ದೊಡ್ಡದಾದಷ್ಟೂ ಕಣ ಸಣ್ಣದು, ಉಜ್ಜಿದ ಜಾಗ ನುಣುಪು. ಆದರೆ ಎಲ್ಲ ನಂಬರೂ ಒಂದೇ ಅಳತೆಯದಲ್ಲ. ನೀರಿನ ಕಲ್ಲುಗಳ ಮೇಲೆ ಸಾಮಾನ್ಯವಾಗಿ ಇರುವುದು ಜಪಾನಿನ ಲೆಕ್ಕ. ಅದರಲ್ಲಿ 1000 ಅಂದರೆ ಕಣ ಸುಮಾರು 11–12 ಮೈಕ್ರಾನ್ (ಒಂದು ಮಿ.ಮೀ.ನ ಸಾವಿರದ ಒಂದು ಭಾಗವೇ ಮೈಕ್ರಾನ್). ‘ಪಿ’ ಅಕ್ಷರ ಇರುವ ಎಮರಿ ಪೇಪರ್ ಯುರೋಪಿನ ಲೆಕ್ಕದ್ದು. ಅಲ್ಲಿ 1000 ಅಂದರೆ ಸುಮಾರು 18 ಮೈಕ್ರಾನ್. ಅಂದರೆ 1000ದ ಕಲ್ಲಿಗೆ ಹತ್ತಿರ ಬರುವ ಪೇಪರ್ 1500ರಿಂದ 2000ದ್ದು. ಕಲ್ಲು ಬಿಟ್ಟು ಪೇಪರಿನಲ್ಲಿ ಮಸೆಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹಾರ್ಡ್‌ವೇರ್ ಅಂಗಡಿಯ ಕಪ್ಪು ಕಾರ್ಬೊರಂಡಂ ಕಲ್ಲು ಸಾಲದಾ?

ಚಾಕು, ಮಚ್ಚು, ಕೊಡಲಿಗೆ ಧಾರಾಳವಾಗಿ ಸಾಕು. ಒಂದು ಬದಿ ಒರಟು, ಇನ್ನೊಂದು ಬದಿ ಸ್ವಲ್ಪ ನಯ ಇರುವ, ಎಂಟು ಇಂಚಿನ ಜೋಡಿ ಕಲ್ಲು ಅದು. ಬೆಲೆಯೂ ಕಡಿಮೆ. ಬಹಳಷ್ಟು ಬಡಗಿಗಳ ಚೀಲದಲ್ಲಿ ಇರುವುದು ಇದೇ.

ಅದರ ಮಿತಿ ಇಷ್ಟೇ: ನಯ ಬದಿ ಅಂತ ಹೇಳುವುದೂ ಹತ್ತರಿಯ ಅಲಗಿಗೆ ಒರಟೇ. ಅದರಲ್ಲಿ ಅಂಚು ಕಟ್ಟಿ, ಆಮೇಲೆ ನಯ ಕಲ್ಲಿನಲ್ಲೋ ಚರ್ಮದ ಪಟ್ಟಿಯಲ್ಲೋ ಮುಗಿಸಿದರೆ ಕೆಲಸ ನಡೆಯುತ್ತದೆ.

ಈ ಕಲ್ಲಿನ ಹೆಸರಿಗೂ ನಮಗೂ ಒಂದು ನಂಟಿದೆ. 1891ರಲ್ಲಿ ಅಮೆರಿಕದ ಎಡ್ವರ್ಡ್ ಆಚೆಸನ್ ಜೇಡಿಮಣ್ಣು ಮತ್ತು ಕಲ್ಲಿದ್ದಲಿನಿಂದ ಮಾಡಿದ ಕೋಕ್ ಬೆರೆಸಿ ವಿದ್ಯುತ್ತಿನಿಂದ ಕಾಯಿಸಿದಾಗ ಹೊಳೆಯುವ ಹರಳು ಸಿಕ್ಕಿತು. ಅದು ಕಾರ್ಬನ್ನೂ ಕೊರಂಡಂ ಅನ್ನುವ ಗಟ್ಟಿ ಖನಿಜವೂ ಸೇರಿ ಆದದ್ದು ಅಂದುಕೊಂಡು ಕಾರ್ಬೊರಂಡಂ ಅಂತ ಹೆಸರಿಟ್ಟ. ನಿಜಕ್ಕೂ ಅದು ಸಿಲಿಕಾನ್ ಕಾರ್ಬೈಡ್. ಕೊರಂಡಂ ಅನ್ನುವ ಹೆಸರು ಬಂದದ್ದು ತಮಿಳಿನ ಕುರುಂದಂನಿಂದ. ನಾವು ಕುರುಂದ ಅನ್ನುವುದೂ ಅದನ್ನೇ. ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಸಾಣೆ ಚಕ್ರ ಮಾಡುವುದು ನಮ್ಮ ದೇಶದಲ್ಲಿ ಬಹಳ ಹಳೆಯ ಪದ್ಧತಿ.

ನೀರಿನ ಕಲ್ಲು, ಎಣ್ಣೆ ಕಲ್ಲು, ವಜ್ರದ ಪ್ಲೇಟು – ಯಾವುದು ಒಳ್ಳೇದು?

ನೀರಿನ ಕಲ್ಲು ಬೇಗ ಕೊರೆಯುತ್ತದೆ. ಮೇಲಿನ ಸವೆದ ಕಣ ಉದುರಿ ಕೆಳಗಿನ ಹೊಸ ಕಣ ಬಾಯಿ ತೆರೆಯುವುದರಿಂದ ಆ ವೇಗ. ಅದೇ ಕಾರಣಕ್ಕೆ ಬೇಗ ಗುಳಿಯೂ ಬೀಳುತ್ತದೆ. ಎಣ್ಣೆ ಕಲ್ಲು ಗಟ್ಟಿ, ನಿಧಾನ, ವರ್ಷಗಟ್ಟಲೆ ಆಕಾರ ಬಿಡುವುದಿಲ್ಲ. ವಜ್ರದ ಪ್ಲೇಟು ಅಂದರೆ ಉಕ್ಕಿನ ಹಲಗೆಯ ಮೇಲೆ ನಿಕ್ಕಲ್ ಲೇಪದಲ್ಲಿ ಕೂರಿಸಿದ ವಜ್ರದ ಪುಡಿ. ಅದು ಗುಳಿ ಬೀಳುವುದೇ ಇಲ್ಲ, ಆದರೆ ಒತ್ತಿ ಉಜ್ಜಿದರೆ ಹರಳು ಕಿತ್ತುಬರುತ್ತದೆ. ಹೊಸ ಪ್ಲೇಟು ಮೊದಮೊದಲು ತುಂಬ ಒರಟಾಗಿ ಕೆರೆಯುತ್ತದೆ. ಹತ್ತಾರು ಸಲ ಬಳಸಿದ ಮೇಲೆ ಹದಕ್ಕೆ ಬರುತ್ತದೆ. ‘ಹಾಳಾಯ್ತು’ ಅಂತ ಆಗ ಗಾಬರಿ ಬೀಳಬೇಡಿ.

ನನ್ನ ಆಯ್ಕೆ: ಒರಟು ಕೆಲಸಕ್ಕೆ ವಜ್ರದ ಪ್ಲೇಟು, ಉಳಿದದ್ದಕ್ಕೆ ನೀರಿನ ಕಲ್ಲು. ಹೊರಗೆ ಸೈಟಿನಲ್ಲಿ ಕೆಲಸ ಮಾಡುವವರಿಗೆ ಬಕೆಟ್ ನೀರು ಇಟ್ಟುಕೊಂಡು ಕೂರುವುದು ಆಗದ ಮಾತು. ಅವರಿಗೆ ಎಣ್ಣೆ ಕಲ್ಲೇ ವಾಸಿ.

ಎಣ್ಣೆ ಕಲ್ಲಿಗೆ ಕೊಬ್ಬರಿ ಎಣ್ಣೆ ಆಗುತ್ತಾ?

ಬೇಡ. ಅಡುಗೆ ಎಣ್ಣೆಗಳೆಲ್ಲ ಕ್ರಮೇಣ ಅಂಟಾಗುತ್ತವೆ, ಕಲ್ಲಿನ ರಂಧ್ರ ಮುಚ್ಚಿಹೋಗುತ್ತದೆ. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಕಲ್ಲಿನ ಮೇಲೇ ಹೆಪ್ಪುಗಟ್ಟುತ್ತದೆ. ಹೊಲಿಗೆ ಮಿಷಿನ್ ಎಣ್ಣೆ ತಗೊಳ್ಳಿ. ದಪ್ಪ ಅನಿಸಿದರೆ ಸ್ವಲ್ಪ ಸೀಮೆಎಣ್ಣೆ ಬೆರೆಸಿ. ಕೆಲಸ ಮುಗಿದ ಮೇಲೆ ಕಪ್ಪು ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸಿಯೇ ಏಳಬೇಕು. ಅದರಲ್ಲಿ ಉಕ್ಕಿನ ಪುಡಿ ಇರುತ್ತದೆ, ಒಣಗಿದರೆ ಕಲ್ಲಿನೊಳಗೇ ಕೂತುಬಿಡುತ್ತದೆ.

ಒಮ್ಮೆ ಎಣ್ಣೆ ಕುಡಿದ ಕಲ್ಲು ನೀರು ಕುಡಿಯುವುದಿಲ್ಲ. ಕಾರ್ಬೊರಂಡಂ ಕಲ್ಲನ್ನು ನೀರಿನಲ್ಲೂ ಬಳಸಬಹುದು, ಆದರೆ ಯಾವುದು ಅಂತ ಮೊದಲ ದಿನವೇ ತೀರ್ಮಾನಿಸಿ.

ನೀರಿನ ಕಲ್ಲನ್ನು ಎಷ್ಟು ಹೊತ್ತು ನೆನೆಹಾಕಬೇಕು?

ನೆನೆಯುವ ಜಾತಿಯದಾದರೆ ಹತ್ತು–ಹದಿನೈದು ನಿಮಿಷ. ಮುಳುಗಿಸಿದಾಗ ಗುಳ್ಳೆ ಏಳುತ್ತಿರುತ್ತದೆ, ಅದು ನಿಂತರೆ ಸಾಕು. ನಯ ಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಮೇಲೆ ನೀರು ಚಿಮುಕಿಸಿದರೆ ಮುಗಿಯಿತು. ಮೆಗ್ನೀಷಿಯಾ ಅಂಟಿನಿಂದ ಮಾಡಿದ ಕಲ್ಲುಗಳನ್ನಂತೂ ನೀರಿನಲ್ಲಿ ಬಿಡಲೇಬಾರದು. ಮೆತ್ತಗಾಗಿ, ಒಣಗುವಾಗ ಬಿರುಕು ಬಿಡುತ್ತವೆ. ಜೊತೆಗೆ ಬಂದ ಚೀಟಿಯನ್ನು ಓದಿ.

ಒಣಗಿಸುವುದು ನೆರಳಲ್ಲಿ, ಗಾಳಿ ಆಡುವ ಕಡೆ, ಅಂಚಿನ ಮೇಲೆ ನಿಲ್ಲಿಸಿ. ಬಿಸಿಲಿಗಿಟ್ಟರೆ ಮೇಲ್ಭಾಗ ಬೇಗ ಒಣಗಿ ಒಳಭಾಗ ಹಸಿಯಾಗಿಯೇ ಉಳಿದು ಸೀಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಕಲ್ಲನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ವಾರದಲ್ಲಿ ಬೂಷ್ಟು. ಹಿಮ ಬೀಳುವ ದೇಶದಲ್ಲಿರುವವರು ಒದ್ದೆ ಕಲ್ಲನ್ನು ಗ್ಯಾರೇಜಿನಲ್ಲಿ ಬಿಡಬೇಡಿ, ಒಳಗಿನ ನೀರು ಹೆಪ್ಪುಗಟ್ಟಿ ಕಲ್ಲು ಒಡೆಯುತ್ತದೆ.

ನನ್ನ ಕಲ್ಲಿನ ನಡುವೆ ಗುಳಿ ಬಿದ್ದಿದೆ. ಅದರಿಂದ ಏನಾದರೂ ತೊಂದರೆಯಾ?

ತೊಂದರೆ ಎಲ್ಲ ಶುರುವಾಗುವುದೇ ಅಲ್ಲಿಂದ. ಕಲ್ಲಿನ ಆಕಾರ ಏನಿದೆಯೋ ಅದೇ ಅಲಗಿಗೆ ಬರುತ್ತದೆ. ಕಲ್ಲು ತಗ್ಗಾಗಿದ್ದರೆ ಉಳಿಯ ಬಾಯಿ ಉಬ್ಬುತ್ತದೆ. ಎಷ್ಟು ಬೆಲೆಯ ಕಲ್ಲಾದರೂ ಇದು ತಪ್ಪಿದ್ದಲ್ಲ.

ನಾನು ಶುರುಮಾಡಿದ ಹೊಸದರಲ್ಲಿ ಒಂದು ಹಲಸಿನ ಹಲಗೆಗೆ ಹತ್ತರಿ ಹೊಡೆಯುತ್ತಿದ್ದೆ. ಎಷ್ಟು ಸರಿಮಾಡಿದರೂ ಹೊಟ್ಟು ನಡುವೆ ಮಾತ್ರ ಬರುತ್ತಿತ್ತು, ಎರಡು ಅಂಚಿಗೂ ಅಲಗು ತಾಗುತ್ತಲೇ ಇರಲಿಲ್ಲ. ಹತ್ತರಿಯ ತಳವೇ ಸರಿಯಿಲ್ಲ ಅಂತ ಅದನ್ನು ಎರಡು ದಿನ ಉಜ್ಜಿದೆ. ಕೊನೆಗೆ ಉಕ್ಕಿನ ಸ್ಕೇಲನ್ನು ಕಲ್ಲಿನ ಮೇಲೆ ಅಡ್ಡಲಾಗಿ ನಿಲ್ಲಿಸಿ, ಹಿಂದೆ ಟಾರ್ಚ್ ಹಿಡಿದು ನೋಡಿದೆ. ಸ್ಕೇಲಿನ ಕೆಳಗೆ ದೋಣಿಯ ಆಕಾರದಲ್ಲಿ ಬೆಳಕು. ತಪ್ಪು ಇದ್ದದ್ದು ಕಲ್ಲಿನಲ್ಲಿ.

ಸಪಾಟು ಮಾಡುವ ಬಗೆ ಹೀಗೆ. ಒಣಗಿದ ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕ ಚೌಕ ಗೆರೆ ಎಳೆಯಿರಿ, ಮೂಲೆ ಮೂಲೆಗೂ ಬರಬೇಕು. 8 ಅಥವಾ 10 ಮಿ.ಮೀ. ದಪ್ಪದ ಗಾಜಿನ ಮೇಲೆ ನೀರು ಚಿಮುಕಿಸಿ 220ರ ವಾಟರ್‌ಪ್ರೂಫ್ ಎಮರಿ ಪೇಪರ್ ಹಾಸಿ. ಪೇಪರ್ ಗಾಜಿಗೆ ಅಂಟಿ ಕೂರುತ್ತದೆ. ಅದರ ಮೇಲೆ ಕಲ್ಲನ್ನು ಮಗುಚಿ, ಸಮನಾಗಿ ಒತ್ತಿ ಉಜ್ಜಿ. ಹತ್ತು ಸಲ ಉಜ್ಜಿ ಕಲ್ಲನ್ನು ತಿರುಗಿಸಿ ಹಿಡಿಯಿರಿ, ಇಲ್ಲದಿದ್ದರೆ ಕೈಯ ಭಾರ ಒಂದೇ ಕಡೆ ಬಿದ್ದು ಕಲ್ಲು ಓರೆಯಾಗುತ್ತದೆ. ಈಗ ಎತ್ತಿ ನೋಡಿ. ಎರಡು ತುದಿಯ ಗೆರೆ ಅಳಿಸಿರುತ್ತದೆ, ನಡುವಿನದು ಹಾಗೇ ಇರುತ್ತದೆ. ಆ ಉಳಿದ ಗೆರೆಯೇ ಗುಳಿ. ಅದೂ ಹೋಗುವ ತನಕ ಉಜ್ಜಿ. ಹೋದ ಮೇಲೆ ಇನ್ನೊಮ್ಮೆ ಗೆರೆ ಎಳೆದು ಐದಾರು ಸಲ ಉಜ್ಜಿ. ಎಲ್ಲ ಗೆರೆಯೂ ಒಟ್ಟಿಗೇ ಮಾಸಿದರೆ ಕಲ್ಲು ಮಟ್ಟ ಬಂತು ಅಂತ.

ಕೊನೆಗೆ ಕಲ್ಲಿನ ನಾಲ್ಕೂ ಅಂಚನ್ನು ಓರೆಯಾಗಿ ಸ್ವಲ್ಪ ಮುರಿಯಿರಿ. ಚೂಪಾಗಿ ಬಿಟ್ಟರೆ ಚಕ್ಕೆ ಏಳುತ್ತದೆ. ಆಮೇಲೆ ಕಲ್ಲನ್ನು ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ತೊಳೆಯಿರಿ. ಪೇಪರಿನ ಒಂದೇ ಒಂದು ಒರಟು ಕಣ 6000ದ ಕಲ್ಲಿನ ಮೇಲೆ ಉಳಿದರೂ, ಅಲಗಿನ ಮೇಲೆ ಉದ್ದಕ್ಕೂ ಗೀರು ಬೀಳುತ್ತದೆ.

ಕಾರ್ಬೊರಂಡಂ ಕಲ್ಲಿಗೆ ಎಮರಿ ಪೇಪರ್ ಏನೂ ಮಾಡುತ್ತಿಲ್ಲವಲ್ಲ?

ಅದು ಗಟ್ಟಿ ಕಲ್ಲು, ಪೇಪರೇ ಸವೆದುಹೋಗುತ್ತದೆ. 80 ಅಥವಾ 120 ನಂಬರಿನ ಸಿಲಿಕಾನ್ ಕಾರ್ಬೈಡ್ ಪುಡಿ ತನ್ನಿ. ಗ್ರಾನೈಟ್ ತುಂಡಿನ ಮೇಲೆ ಒಂದು ಚಮಚ ಪುಡಿ, ಸ್ವಲ್ಪ ನೀರು ಹಾಕಿ ಸುತ್ತು ಸುತ್ತಾಗಿ ಉಜ್ಜಿ. ಗ್ರಾನೈಟ್ ಅಂಗಡಿಯ ಹೊರಗೆ ಬಿದ್ದಿರುವ ಕಟಿಂಗ್ ತುಂಡನ್ನು ಕೇಳಿದರೆ ಕೊಡುತ್ತಾರೆ. ಕಡಪ ಕಲ್ಲು ಬೇಡ. ಅದು ಸುಣ್ಣದ ಕಲ್ಲಿನ ಜಾತಿ, ಮೆತ್ತಗೆ. ಸಾಣೆಕಲ್ಲಿಗಿಂತ ಮೊದಲು ಅದೇ ತಗ್ಗಾಗುತ್ತದೆ.

ಕಲ್ಲು ಸಪಾಟಾಗಿಯೇ ಇದ್ದು, ಗಾಜಿನಂತೆ ಹೊಳೆಯುತ್ತಾ ಕೊರೆಯದೆ ಜಾರುತ್ತಿದ್ದರೂ ಮದ್ದು ಇದೇ ಪುಡಿ. ಎರಡು ನಿಮಿಷ ಉಜ್ಜಿದರೆ ಹೊಸ ಮುಖ ಬರುತ್ತದೆ.

ಎಷ್ಟು ದಿನಕ್ಕೊಮ್ಮೆ ಸಪಾಟು ಮಾಡಬೇಕು?

ನೀರಿನ ಕಲ್ಲಾದರೆ ಪ್ರತಿಸಲ ಮಸೆಯಲು ಕೂರುವ ಮುಂಚೆ. ಆಗ ಒಂದು ನಿಮಿಷದ ಕೆಲಸ. ಆರು ತಿಂಗಳು ಬಿಟ್ಟರೆ ಒಂದು ಮಧ್ಯಾಹ್ನದ ಕೆಲಸ. ಮಸೆಯುವಾಗಲೂ ನಡುವೆಯೇ ಉಜ್ಜದೆ ಕಲ್ಲಿನ ತುದಿ, ಮೂಲೆ ಎಲ್ಲ ಬಳಸಿ.

ಎಷ್ಟು ಡಿಗ್ರಿ ಓರೆ ಇರಬೇಕು? ಅಳೆಯುವುದು ಹೇಗೆ?

ಓರೆ ಅಂದರೆ ಅಂಚಿನ ಕಡೆಗೆ ಇಳಿಜಾರಾಗಿ ಮಸೆದ ಮುಖ. ಹತ್ತರಿಗೆ ಮತ್ತು ಸವರುವ ಉಳಿಗೆ 25 ಡಿಗ್ರಿ ಓರೆ, ತುದಿಯಲ್ಲಿ ಮಾತ್ರ 30. ಕೊಡತಿಯಲ್ಲಿ ಹೊಡೆಯುವ ಉಳಿಗೆ 30ರಿಂದ 35. ಅಡುಗೆಮನೆ ಚಾಕುವಿಗೆ ಒಂದೊಂದು ಬದಿಗೆ 15ರಿಂದ 20. ತೇಗಕ್ಕೆ 25 ತಾಳುತ್ತದೆ, ಒಣಗಿದ ಹೊನ್ನೆಯಂಥ ಗಟ್ಟಿ ಮರಕ್ಕೆ ಅಂಚು ಚಕ್ಕೆ ಎದ್ದರೆ ಒಂದೆರಡು ಡಿಗ್ರಿ ಏರಿಸಿ.

ಅಳೆಯಲು ಯಾವ ಸಾಧನವೂ ಬೇಡ. ಓರೆಯ ಉದ್ದ ಅಲಗಿನ ದಪ್ಪದ ಎರಡು ಪಟ್ಟಿದ್ದರೆ ಅದು ಸರಿಯಾಗಿ 30 ಡಿಗ್ರಿ. ಉಳಿ 4 ಮಿ.ಮೀ. ದಪ್ಪ ಇದ್ದರೆ ಓರೆ 8 ಮಿ.ಮೀ. ಅದೇ ಉಳಿಯ ಓರೆ ಒಂಬತ್ತೂವರೆ ಮಿ.ಮೀ. ಇದ್ದರೆ 25. ಚಾಕು 45 ಮಿ.ಮೀ. ಅಗಲ ಇದ್ದರೆ ಅದರ ಬೆನ್ನನ್ನು ಕಲ್ಲಿನಿಂದ 12 ಮಿ.ಮೀ. ಎತ್ತಿ ಹಿಡಿಯಿರಿ, 15 ಡಿಗ್ರಿ ಸಿಗುತ್ತದೆ. ಆ ಎತ್ತರದ ಒಂದು ಮರದ ಚೂರನ್ನು ಕಲ್ಲಿನ ಪಕ್ಕ ಇಟ್ಟುಕೊಂಡು, ಆಗಾಗ ತಾಳೆ ನೋಡಿದರೆ ಕೈಗೆ ಅಭ್ಯಾಸವಾಗುತ್ತದೆ.

ಹರಿತ ಆಯ್ತು ಅಂತ ಗೊತ್ತಾಗುವುದು ಹೇಗೆ? ಎಷ್ಟು ಸಲ ಉಜ್ಜಬೇಕು?

ಎಣಿಕೆ ಇಟ್ಟುಕೊಳ್ಳಬೇಡಿ. ಕಬ್ಬಿಣವೇ ಹೇಳುತ್ತದೆ.

ಉಳಿಯ ಓರೆಯನ್ನು ಕಲ್ಲಿನ ಮೇಲೆ ಉಜ್ಜುತ್ತಾ ಹೋದ ಹಾಗೆ ಅಂಚು ತೆಳ್ಳಗಾಗಿ ಹಿಂಬದಿಗೆ ಮಡಚಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದು ಕಷ್ಟ. ಹೆಬ್ಬೆರಳನ್ನು ಉಳಿಯ ಬೆನ್ನಿನ (ಓರೆಯಿಲ್ಲದ ಚಪ್ಪಟೆ ಬದಿಯ) ಮೇಲಿಟ್ಟು ಅಂಚಿನ ಆಚೆಗೆ ಮೆಲ್ಲಗೆ ಜಾರಿಸಿ. ಅಂಚಿನ ಉದ್ದಕ್ಕೆ ಅಲ್ಲ, ಅಂಚಿನಿಂದ ಹೊರಕ್ಕೆ. ಕೊನೆಯಲ್ಲಿ ಬೆರಳಿಗೆ ಏನೋ ತಡೆದ ಹಾಗೆ ತರಿ ಹತ್ತುತ್ತದೆ. ಈ ತರಿ ಬಾಯಿಯ ಈ ಮೂಲೆಯಿಂದ ಆ ಮೂಲೆಯವರೆಗೂ ಸಿಗಬೇಕು. ಒಂದು ಮೂಲೆಯಲ್ಲಿ ಸಿಗದಿದ್ದರೆ ಅಲ್ಲಿ ಕಲ್ಲು ಇನ್ನೂ ಅಂಚನ್ನು ಮುಟ್ಟಿಲ್ಲ. ಬಹಳ ಜನ ಇಲ್ಲೇ ಅವಸರ ಮಾಡಿ ನಯ ಕಲ್ಲಿಗೆ ಹೋಗಿಬಿಡುತ್ತಾರೆ. ತರಿ ಬಾರದ ಜಾಗವನ್ನು 6000ದ ಕಲ್ಲು ಹೊಳಪು ಮಾಡುತ್ತದೆ ಅಷ್ಟೇ, ಹರಿತ ಮಾಡುವುದಿಲ್ಲ.

ತರಿ ಬಂದ ಮೇಲೆ ನಯ ಕಲ್ಲಿನಲ್ಲಿ ಓರೆಯನ್ನು ಹತ್ತು ಸಲ, ಬೆನ್ನನ್ನು ಪೂರ್ತಿ ಮಲಗಿಸಿ ನಾಲ್ಕು ಸಲ, ಹೀಗೆ ಬದಲಿಸುತ್ತಾ ಹೋಗಿ. ತರಿ ಅತ್ತಿತ್ತ ಮಡಚಿ ಕೊನೆಗೆ ಕಳಚಿ ಬೀಳುತ್ತದೆ. ಕಲ್ಲಿನ ನೀರಿನಲ್ಲಿ ಕೂದಲಿಗಿಂತ ಸಣ್ಣದೊಂದು ಬೆಳ್ಳಿಯ ಎಳೆ ತೇಲುವುದು ಕೆಲವು ಸಲ ಕಾಣುತ್ತದೆ.

ಈಗ ಬೆಳಕಿಗೆ ಹಿಡಿದು ಅಂಚನ್ನೇ ನೇರ ನೋಡಿ. ಮೊಂಡು ಜಾಗ ಬೆಳಕನ್ನು ತಿರುಗಿಸಿ ಬಿಳಿ ಚುಕ್ಕೆಯಾಗಿ ಮಿಂಚುತ್ತದೆ. ಹರಿತವಾದ ಅಂಚು ಏನೂ ಕಾಣುವುದಿಲ್ಲ, ಬರೀ ಕಪ್ಪು. ಕೊನೆಯ ಪರೀಕ್ಷೆಗೆ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರ ತಗೊಂಡು ಅದರ ಕೊಯ್ದ ತುದಿಯನ್ನು ಉಳಿಯಲ್ಲಿ ಸವರಿ. ಮೆತ್ತನೆಯ ಮರ ಮೊಂಡು ಉಳಿಗೆ ಪುಡಿಪುಡಿಯಾಗುತ್ತದೆ. ಹರಿತ ಉಳಿಗೆ ಮೇಣದ ಹಾಗೆ ಹೊಳೆಯುವ ಮುಖ ಬಿಟ್ಟುಕೊಡುತ್ತದೆ.

ಹೊಸ ಉಳಿಯನ್ನೂ ಮಸೆಯಬೇಕಾ?

ಹೌದು, ಅದರಲ್ಲೂ ಬೆನ್ನನ್ನು. ಅಂಚು ಅಂದರೆ ಓರೆ ಮತ್ತು ಬೆನ್ನು ಸೇರುವ ಗೆರೆ. ಬೆನ್ನಿನ ಮೇಲೆ ಕಾರ್ಖಾನೆಯ ಗೀರು ಹಾಗೇ ಇದ್ದರೆ ಅಂಚೂ ಗರಗಸದಂತೆ ಇರುತ್ತದೆ. ತುದಿಯ ಒಂದು ಇಂಚನ್ನು ಮಾತ್ರ ಸಪಾಟು ಮಾಡಿ ಹೊಳಪು ತನ್ನಿ, ಉಳಿದ ಉದ್ದ ಹೇಗಿದ್ದರೂ ಪರವಾಗಿಲ್ಲ. ಇದು ಉಳಿಗೆ ಒಂದೇ ಸಲದ ಕೆಲಸ.

ಗ್ರೈಂಡರಿಗೆ (ಕರೆಂಟಿನ ಸಾಣೆ ಚಕ್ರಕ್ಕೆ) ಕೊಟ್ಟರೆ ಬೇಗ ಆಗುತ್ತಲ್ವಾ?

ಮುಕ್ಕಾದ ಅಲಗಿಗೆ, ಕೊಡಲಿಗೆ ಸರಿ. ಆದರೆ ಬಿಸಿಯ ಮೇಲೆ ಕಣ್ಣಿರಬೇಕು. ಮಾಮೂಲಿ ಉಳಿಯ ಉಕ್ಕಿಗೆ ಗಟ್ಟಿತನದ ಹದ ಕೊಟ್ಟಿರುವುದು ಸುಮಾರು 200 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಗ್ರೈಂಡರಿನ ಚಕ್ರದಲ್ಲಿ ತೆಳುವಾದ ಅಂಚು ಅದನ್ನು ಕ್ಷಣದಲ್ಲಿ ದಾಟುತ್ತದೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ 300ರ ಹತ್ತಿರ ನೀಲಿ. ನೀಲಿ ಬಂತು ಅಂದರೆ ಹದ ಹೋಯಿತು. ಆಮೇಲೆ ಎಷ್ಟು ಮಸೆದರೂ ಆ ಜಾಗದಲ್ಲಿ ಹರಿತ ನಿಲ್ಲುವುದಿಲ್ಲ.

ಒಮ್ಮೆ ಅರ್ಧ ಇಂಚಿನ ಉಳಿಯೊಂದನ್ನು ಹೊರಗೆ ಸಾಣೆಗೆ ಕೊಟ್ಟಿದ್ದೆ. ಹೊಳೆಹೊಳೆಯುತ್ತಾ ವಾಪಸ್ ಬಂತು, ಅಂಚಿನಲ್ಲಿ ಮಾತ್ರ ನವಿಲುಗರಿಯಂಥ ನೀಲಿ. ಆ 3 ಮಿ.ಮೀ. ಭಾಗವನ್ನು ವಜ್ರದ ಪ್ಲೇಟಿನಲ್ಲಿ ಸವೆಸಿ ತೆಗೆಯಲು ಎರಡು ಸಂಜೆ ಹಿಡಿಯಿತು. ನೀವೇ ಮಾಡುವುದಾದರೆ ಪಕ್ಕದಲ್ಲಿ ನೀರಿಟ್ಟುಕೊಳ್ಳಿ, ಕೈಗೆ ಬಿಸಿ ತಾಗುವ ಮುಂಚೆಯೇ ಅದ್ದಿ. ಅಂಚಿನವರೆಗೂ ಹೋಗದೆ ಕೂದಲೆಳೆಯಷ್ಟು ಬಿಟ್ಟು, ಅದನ್ನು ಕಲ್ಲಿನಲ್ಲಿ ಮುಗಿಸಿ.

ಈಳಿಗೆಮಣೆ, ಕುಡುಗೋಲು ಇವನ್ನು ಮಸೆಯುವುದು ಹೇಗೆ?

ಇಲ್ಲಿ ಅಲಗು ಅಲುಗಬಾರದು, ಕಲ್ಲು ಓಡಾಡಬೇಕು. ಅಂಗೈಯಲ್ಲಿ ಹಿಡಿಯುವ ಚಿಕ್ಕ ಕಲ್ಲು ತಗೊಳ್ಳಿ. ಕುಡುಗೋಲಿನ ಒಳಬಾಗಿಗೆ ದೋಣಿಯಾಕಾರದ ಕಲ್ಲು ಹೊಂದುತ್ತದೆ. ಬುಡದಿಂದ ತುದಿಗೆ ಒಂದೇ ಎಳೆತ, ಬೆರಳುಗಳು ಅಂಚಿಗಿಂತ ಹಿಂದೆ. ಹಲ್ಲಿರುವ ಕುಡುಗೋಲಿಗೆ ಕಲ್ಲು ಹಾಕಬೇಡಿ, ಅದಕ್ಕೆ ಸಣ್ಣ ಅರ ಬೇಕು.

ಕಳ್ಳು ಇಳಿಸುವವರು ಬೆಣಚುಕಲ್ಲಿನ ಪುಡಿಯನ್ನು ಮರದ ತುಂಡಿನ ಮೇಲೆ ಉದುರಿಸಿ ಕತ್ತಿ ಮಸೆಯುವುದನ್ನು ನೋಡಿದ್ದೀರಾ? ಪುಡಿ ಮರದಲ್ಲಿ ಕಚ್ಚಿಕೊಂಡು ಆ ಮರವೇ ಸಾಣೆಯಾಗುತ್ತದೆ. ಕಲ್ಲು ಇಲ್ಲದ ಕಡೆ ನಾನೂ ಮಾಡಿ ನೋಡಿದ್ದೇನೆ, ಕತ್ತಿಗೆ ತುಂಬ ಚೆನ್ನಾಗಿ ಬರುತ್ತದೆ.

ಚರ್ಮದ ಪಟ್ಟಿ ಬೇಕೇಬೇಕಾ?

ಇದ್ದರೆ ಕಲ್ಲಿನ ಹತ್ತಿರ ಹೋಗುವುದು ಅರ್ಧ ಕಡಿಮೆಯಾಗುತ್ತದೆ. ಹಳೆ ಬೆಲ್ಟಿನ ತುಂಡನ್ನು ಹಲಗೆಗೆ ಅಂಟಿಸಿ, ಪಾಲಿಶ್ ಮಾಡುವ ಹಸಿರು ಪೇಸ್ಟ್ ಸವರಿ. ಅಂಚನ್ನು ಹಿಂದಕ್ಕೆ ಮಾತ್ರ ಎಳೆಯಬೇಕು, ಮುಂದೆ ತಳ್ಳಿದರೆ ಚರ್ಮ ಕೊಯ್ಯುತ್ತದೆ. ಕೆಲಸದ ನಡುವೆ ಹತ್ತು ಎಳೆತ ಸಾಕು.

ಕಲ್ಲು ಕೈಜಾರಿ ಎರಡು ತುಂಡಾಯಿತು. ಬಿಸಾಕುವುದೇ?

ಖಂಡಿತ ಬೇಡ. ಅರ್ಧಕ್ಕೆ ಸರಿಯಾಗಿ ಒಡೆದಿದ್ದರೆ ಹಲಗೆಯ ಮೇಲೆ ಎಪಾಕ್ಸಿ ಅಂಟು ಹಾಕಿ ಜೋಡಿಸಿ, ಮೇಲ್ಮೈ ಸಪಾಟು ಮಾಡಿದರೆ ಇನ್ನೂ ವರ್ಷಗಟ್ಟಲೆ ಬರುತ್ತದೆ. ಚೂರಾಗಿದ್ದರೆ ಇನ್ನೂ ಒಳ್ಳೆಯ ಉಪಯೋಗವಿದೆ. ಕೆತ್ತನೆ ಮಾಡುವವರ ದುಂಡು ಉಳಿಗೆ ಒಳಮೈ ಇರುತ್ತದಲ್ಲ, ಅಲ್ಲಿಗೆ ಚಪ್ಪಟೆ ಕಲ್ಲು ಹೋಗುವುದಿಲ್ಲ. ಚೂರಿನ ಒಂದು ಅಂಚನ್ನು ಎಮರಿ ಪೇಪರಿನ ಮೇಲೆ ಉರುಳಿಸುತ್ತಾ ಉಜ್ಜಿ, ಉಳಿಯ ಒಳಬಾಗಿಗೆ ಹೊಂದುವ ಹಾಗೆ ದುಂಡಗೆ ಮಾಡಿ. ಉಳಿಯ ಹೊರಮೈಯನ್ನು ದೊಡ್ಡ ಕಲ್ಲಿನ ಮೇಲೆ ಹೊರಳಿಸುತ್ತಾ ಮಸೆದು, ಒಳಗೆ ಎದ್ದ ತರಿಯನ್ನು ಈ ಚೂರಿನಿಂದ ಸವರಿ ತೆಗೆಯಬಹುದು. ಸಾಗರ, ಸೊರಬದ ಗುಡಿಗಾರರು ಶ್ರೀಗಂಧದಲ್ಲಿ ಬಿಡಿಸುವ ಬಳ್ಳಿ, ಹೂವಿನ ಎಸಳನ್ನು ನೆನಪಿಸಿಕೊಳ್ಳಿ. ಅಷ್ಟು ಸಣ್ಣ ಕೆಲಸಕ್ಕೆ ಉಳಿಯ ಒಳಮೈಯೂ ಕನ್ನಡಿಯಂತಿರಬೇಕು. ನನ್ನ ಹತ್ತಿರ ಇಂಥ ನಾಲ್ಕು ಚೂರಿವೆ, ನಾಲ್ಕೂ ಒಂದೇ ಒಡೆದ ಕಲ್ಲಿನವು. ಒಂದೊಂದಕ್ಕೂ ಯಾವ ಉಳಿಗೆ ಅಂತ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.